ಗೆದ್ದಲು ತಿಂದ ಲಂಡನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ರಾಮನಾಥಪುರದಲ್ಲಿದ್ದ ನನ್ನ ಸೋದರತ್ತೆ, ತೀರಿಹೋದ ಗಂಡನ ದನಿ ಸಂಜೆ ಹೊತ್ತು ಹೊಳೆಯ ಕಡೆಯಿಂದ ಕೇಳಿಸುತ್ತದೆ ಎನ್ನುತ್ತಿದ್ದಳು. ರಜಕ್ಕೆ ಹೋಗಿದ್ದಾಗ ನಾನು ಆ ದನಿಯ ಜಾಡು ಹಿಡಿದು ಹೋದೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುವವನೊಬ್ಬ ಹಾಡಿಕೊಳ್ಳುತ್ತಿದ್ದ. ಪತ್ತೆ ಮಾಡಿದ್ದನ್ನು ಜಂಬದಿಂದ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಅವಳು ಮಾರನೆಯ ದಿನದಿಂದ ಸಂಜೆ ಹಿತ್ತಲಿಗೆ ಹೋಗಿ ಕೂರುವುದನ್ನು ಬಿಟ್ಟಳು. ಗೆದ್ದೆ ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಹೇಳಹೊರಟಿರುವುದರಲ್ಲಿ ದೆವ್ವವಿಲ್ಲ, ಸರಿರಾತ್ರಿಯೂ ಇಲ್ಲ. ನಡೆದದ್ದೆಲ್ಲ ಹಗಲು ಬೆಳಕಿನಲ್ಲಿ, ನಾಲ್ಕು ಜನರ ಎದುರಿಗೆ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನಂಬದವರ ಪಕ್ಷದಲ್ಲಿ ನಾನೇ ಬಹಳ ಕಾಲ ಇದ್ದೆ, ಅಲ್ಲಿನ ಸುಖ ನನಗೆ ಚೆನ್ನಾಗಿ ಗೊತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅರಕಲಗೂಡಿನವಳಾದ ನನಗೆ ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷದ ಒಂಟಿ ಹೆಣ್ಣಿಗೆ ಬಾಡಿಗೆಗೆ ಕೋಣೆ ಕೊಡುವ ಮನೆ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಅಪ್ಪನ ಪರಿಚಯದವರೊಬ್ಬರ ಮನೆಯಲ್ಲಿ ಮುಂದಿನ ಕೋಣೆ ಸಿಕ್ಕಿತು. ಅವರನ್ನು ಊರೆಲ್ಲ ಡ್ರಾಯಿಂಗ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಚನ್ನರಾಯಪಟ್ಟಣದ ಕಡೆಯ ಬೇಸಾಯದ ಮನೆತನ. ಹೊಲ ಗದ್ದೆ ಅಣ್ಣತಮ್ಮಂದಿರಿಗೆ ಬಿಟ್ಟು ತಾವು ಕುಂಚ ಹಿಡಿದು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ಕೈಲಿ ಹೂಜಿ, ಮಾವಿನಕಾಯಿ ಬರೆಸಿ ರಿಟೈರಾಗಿದ್ದರು. ಹೆಂಡತಿ ನಂಜಮ್ಮ. ಮಕ್ಕಳಿರಲಿಲ್ಲ.

ಸ್ಕೂಲಿನ ಕೆಲಸದ ಜೊತೆಗೆ ಮೇಷ್ಟ್ರು ಫೋಟೋ ದೊಡ್ಡದು ಮಾಡಿ ಬರೆದುಕೊಡುತ್ತಿದ್ದರಂತೆ. ಯಾರಾದರೂ ತೀರಿಹೋದವರ ಬೆರಳಗಲದ ಫೋಟೋ ತಂದುಕೊಟ್ಟರೆ ಅದರ ಮೇಲೆ ಪೆನ್ಸಿಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆಯುವುದು, ದೊಡ್ಡ ಹಾಳೆಯ ಮೇಲೂ ಅಷ್ಟೇ ಚೌಕ ಹಾಕುವುದು, ಆಮೇಲೆ ಒಂದು ಚೌಕ ನೋಡಿ ಒಂದು ಚೌಕ ತುಂಬುವುದು. ಚೌಕಾಬಾರದಲ್ಲಿ ಅನ್ನುವಂತೆ ಅವರು ಒಂದೊಂದು ಚೌಕವನ್ನೂ ‘ಮನೆ’ ಎನ್ನುತ್ತಿದ್ದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲಿನ ಅಜ್ಜ ಅಜ್ಜಿಯರು ಅವರ ಕೈಯಿಂದ ಹೀಗೆ ಮನೆ ಮನೆ ದಾಟಿ ಬಂದವರೇ.

ನಾನು ಹೋಗುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ದಿನವಿಡೀ ಜಗುಲಿಯ ಮೇಲೆ ಗೋಡೆಗೊರಗಿ ಕೂತಿರುತ್ತಿದ್ದರು. ಊಟಕ್ಕೆ ಕೂತರೆ ಅರ್ಧಕ್ಕೇ ಕೈ ತೊಳೆಯುತ್ತಿದ್ದರು. ನಂಜಮ್ಮ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, “ಸಾಕು ಕಣೆ ನಂಜಿ ಅಂತಾವ್ರೆ ಕಣವ್ವ. ಏನ್ ಸಾಕು ಅಂತ ಕೇಳಿದ್ರೆ ಎಲ್ಲಾ ಸಾಕು ಅಂತಾರೆ,” ಎಂದು ಕಣ್ಣೊರೆಸಿಕೊಂಡರು.

ಆ ಮನೆಯ ಗೋಡೆಗೂಡಿನಲ್ಲಿ ಒಂದು ಕೆಂಪು ರಟ್ಟಿನ ಇಂಗ್ಲಿಷ್ ಪುಸ್ತಕವಿತ್ತು. ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಸಿಕ್ಕಿದವರ ಪಾಲಾಯಿತಂತೆ. ಹಳೆಯ ಚೌಕಟ್ಟು, ಗಾಜು ಸಿಗಬಹುದೆಂದು ಹೋಗಿದ್ದ ಮೇಷ್ಟ್ರಿಗೆ ಅವುಗಳ ಜೊತೆ ಈ ಪುಸ್ತಕವೂ ಬಂದಿತ್ತು. ಲಂಡನ್ನಿಗೆ ಹೋದವರು ಅಲ್ಲಿನ ಮ್ಯೂಸಿಯಂಗಳನ್ನೂ ಚಿತ್ರಶಾಲೆಗಳನ್ನೂ ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ಏನಿದೆ ಎಂದು ತಿಳಿಸುವ ಕೈಪಿಡಿ ಅದು. ಮೇಷ್ಟ್ರ ಇಂಗ್ಲಿಷ್ ಅಷ್ಟಕ್ಕಷ್ಟೆ. ರಿಟೈರಾದ ಮೇಲೆ ಡಿಕ್ಷನರಿ ಇಟ್ಟುಕೊಂಡು ನಿಧಾನವಾಗಿ ಓದೋಣ ಎಂದು ಎತ್ತಿಟ್ಟಿದ್ದರು. ರಿಟೈರಾದರು, ಕಣ್ಣು ಹೋಯಿತು.

“ನೀನು ಇಂಗ್ಲೀಷು ಓದಿದ್ದೀಯಲ್ಲ, ಅದರಲ್ಲಿ ಏನೇನದೆ ಏಳಮ್ಮ ಕೇಳಾನ. ಓಗಕ್ಕಂತೂ ಆಗಲಿಲ್ಲ,” ಎಂದು ಒಂದು ಸಂಜೆ ಅವರೇ ಕೇಳಿದರು. ನಾನು ಸ್ಕೂಲಿಂದ ಬಂದು ಕಾಫಿ ಕುಡಿದು ಜಗುಲಿಯ ಮೇಲೆ ಪುಸ್ತಕ ಹಿಡಿದು ಕೂತೆ. ಹೀಗೆ ಶುರುವಾಯಿತು ನಮ್ಮ ಲಂಡನ್ ಪ್ರವಾಸ. ದಿನಾ ಐದು ಗಂಟೆಗೆ ಹೊರಡುವುದು, ದೀಪ ಹಚ್ಚುವ ಹೊತ್ತಿಗೆ ವಾಪಸು.

ಮೊದಲ ದಿನ ಅವರು ಕೇಳಿದ ಮೊದಲ ಪ್ರಶ್ನೆ, “ಚಪ್ಲಿ ಎಲ್ಲಿ ಬುಡಬೇಕು ಅಂತ ಬರೆದವ್ರೆ?” ಎಂದು. ಪುಸ್ತಕದಲ್ಲಿ ಕೊಡೆಯನ್ನೂ ಕೈಕೋಲನ್ನೂ ಎಲ್ಲಿ ಬಿಡಬೇಕೆಂದು ವಿವರವಾಗಿತ್ತು. ಚಪ್ಪಲಿಯ ಮಾತೇ ಇರಲಿಲ್ಲ. ಮೇಷ್ಟ್ರಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. “ಅಷ್ಟು ದೊಡ್ಡ ಕೆಲಸ ಮಾಡಿರೋರ ಮುಂದೆ ಮೆಟ್ಕಂಡು ಓಗಾದಾ?” ಎಂದು ತಮ್ಮ ಜೋಡನ್ನು ಕಳಚಿ ಜಗುಲಿಯ ಕೆಳಗಿಟ್ಟರು. ನನ್ನದನ್ನೂ ಬಿಡಿಸಿದರು. ಅಂದಿನಿಂದ ಅದೇ ನೇಮವಾಯಿತು. ದೇವಸ್ಥಾನದ ಹಾಗೆ ಇಲ್ಲೂ ಪ್ರದಕ್ಷಿಣೆಯಾಗಿಯೇ ನೋಡಬೇಕು ಎಂದೂ ಹಟ ಹಿಡಿದರು. ನಮ್ಮ ಗುಡಿಗಳಲ್ಲಿ ಕೆತ್ತನೆ ಇರುವುದು ಹೊರಗೋಡೆಗೆ, ಅಲ್ಲಿ ಚಿತ್ರ ಇರುವುದು ಒಳಗೋಡೆಗೆ. ಹಾಗಾಗಿ ಗೋಡೆ ಬಲಕ್ಕಿರಬೇಕೋ ಎಡಕ್ಕಿರಬೇಕೋ ಎಂದು ಒಂದು ಸಂಜೆಯೆಲ್ಲ ಲೆಕ್ಕ ಹಾಕಿ, ಎಡಕ್ಕೆ ಎಂದು ತೀರ್ಮಾನಿಸಿದರು. ಪುಸ್ತಕ ಬಲಕ್ಕೆ ತಿರುಗಿ ಅಂದರೂ ನಾವು ಎಡಕ್ಕೇ ತಿರುಗುತ್ತಿದ್ದೆವು.

ಹಳೆಯ ಕಾಲದ ವಸ್ತುಗಳ ದೊಡ್ಡ ಮ್ಯೂಸಿಯಂನಲ್ಲಿ ನಾವು ಹತ್ತು ದಿನ ಇದ್ದೆವು. ಬಟ್ಟೆ ಸುತ್ತಿಟ್ಟ ಈಜಿಪ್ಟಿನ ಹೆಣಗಳ ಕೋಣೆ ಬಂದಾಗ ಮೇಷ್ಟ್ರು, “ಮಣ್ಣು ಮಾಡದೆ ಇಂಗೆ ಮಡಿಕ್ಕಂಡವ್ರಾ? ನಾನು ಆ ಕಡೆ ಬರಾಕಿಲ್ಲ, ನೀನು ಬೇಕಾರೆ ನೋಡ್ಕಂಡು ಬಾ,” ಎಂದು ಹೊರಗೇ ಉಳಿದರು. ಗ್ರೀಸ್ ದೇಶದ ಗುಡಿಯಿಂದ ತಂದ ಅಮೃತಶಿಲೆಯ ಕೆತ್ತನೆಗಳ ಬಗ್ಗೆ ಓದಿದಾಗ ಸಿಟ್ಟಾದರು. ಬೇಲೂರಿನ ಮದನಿಕೆಯರನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ ಎಂದು ಕೇಳಿದರು. ನನ್ನನ್ನೇ, ನಾನೇ ಹೊತ್ತೊಯ್ದವಳ ಹಾಗೆ. ಪ್ರತಿ ವಿಗ್ರಹಕ್ಕೂ ಪ್ರತಿ ಚಿತ್ರಕ್ಕೂ ಅವರ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: “ಕೆಲಸದೋನ ಹೆಸರು ಹಾಕವ್ರಾ?” ನಮ್ಮ ಹಳೇಬೀಡಿನ ರೂವಾರಿಗಳು ಕಲ್ಲಿನ ಬುಡದಲ್ಲಿ ಹೆಸರು ಕೊರೆದು ಹೋಗಿದ್ದಾರೆ ಎಂಬುದು ಅವರಿಗೆ ಬಹಳ ಹೆಮ್ಮೆಯ ವಿಷಯ.

ಆಮೇಲೆ ನಾಲ್ಕು ಸಿಂಹಗಳಿರುವ ಚೌಕದ ಎದುರಿನ ಚಿತ್ರಶಾಲೆಗೆ ಹೋದೆವು. ಪುಸ್ತಕದಲ್ಲಿ ಕೆಲವು ಚಿತ್ರಗಳ ಕಪ್ಪುಬಿಳುಪಿನ ಸಣ್ಣ ಅಚ್ಚು ಇದ್ದವು. ಅವುಗಳನ್ನು ಮೇಷ್ಟ್ರು ನನ್ನ ಕಣ್ಣಿನಿಂದ ನೋಡುವ ಉಪಾಯ ಕಂಡುಹಿಡಿದರು. ಚಿತ್ರದ ಮೇಲೆ ಅಂದಾಜಿನಲ್ಲೇ ನಾಲ್ಕು ನಾಲ್ಕಲೆ ಹದಿನಾರು ಮನೆ ಹಾಕಿಕೊಂಡು, ಮೇಲಿನ ಸಾಲಿನ ಎಡಗಡೆಯಿಂದ ಒಂದೊಂದೇ ಮನೆಯಲ್ಲಿ ಏನಿದೆ ಎಂದು ನಾನು ಹೇಳಬೇಕು. ಅವರು ಬೆರಳಿನಿಂದ ತೊಡೆಯ ಮೇಲೆ ಮನೆಗಳನ್ನು ಎಣಿಸುತ್ತಾ ಕೇಳುತ್ತಿದ್ದರು. ಹದಿನಾರನೆಯದು ಮುಗಿದ ಮೇಲೆ, “ಕಾಣ್ತು,” ಎನ್ನುತ್ತಿದ್ದರು. ಆ ಒಂದು ಮಾತು ಕೇಳಲು ನಾನು ಸ್ಕೂಲಿನಿಂದ ದಾಪುಗಾಲು ಹಾಕಿಕೊಂಡು ಬರುತ್ತಿದ್ದೆ.

ಮೇಷ್ಟ್ರು ಮುದ್ದೆ ಇನ್ನೊಂದು ಹಾಕಿಸಿಕೊಂಡು ಉಣ್ಣತೊಡಗಿದರು. ನಂಜಮ್ಮ ನನ್ನ ಸಾರಿಗೆ ಒಂದು ಚಮಚ ತುಪ್ಪ ಹೆಚ್ಚಾಗಿ ಹಾಕತೊಡಗಿದರು. ಹೀಗಿರುವಾಗ ಒಂದು ಸೋಮವಾರ ನಾನು ಹಾಳೆ ತಿರುವಿದರೆ ಮಣ್ಣಿನ ಪುಡಿ ಮಡಿಲಿಗೆ ಉದುರಿತು. ಪುಸ್ತಕದ ಉಳಿದರ್ಧವನ್ನು ಒಳಗಿಂದೊಳಗೇ ಗೆದ್ದಲು ತಿಂದಿತ್ತು. ಅಂಚುಗಳು ಮಾತ್ರ ನೆಟ್ಟಗಿದ್ದವು, ನಡುವೆ ಜರಡಿ. ಓದಲು ಒಂದು ಇಡೀ ವಾಕ್ಯವೂ ಉಳಿದಿರಲಿಲ್ಲ.

ನಾನು ತಲೆಯೆತ್ತಿದೆ. ಬಾಗಿಲಲ್ಲಿ ನಿಂತಿದ್ದ ನಂಜಮ್ಮ ಎಲ್ಲವನ್ನೂ ನೋಡಿದರು. ಬೇಡ ಎನ್ನುವಂತೆ ತಲೆಯಾಡಿಸಿ ಎರಡೂ ಕೈ ಮುಗಿದರು. ನಾನು ಓದನ್ನು ಮುಂದುವರಿಸಿದೆ, ಅಂದರೆ ಕಟ್ಟಿ ಹೇಳತೊಡಗಿದೆ. ನಂಜಮ್ಮ ಕೈಮುಗಿದದ್ದಕ್ಕೆ ಸುಳ್ಳು ಹೇಳಿದೆ ಎಂದರೆ ನನಗೆ ಅನುಕೂಲ. ನಿಜ ಹೇಳಬೇಕೆಂದರೆ ಎರಡು ದಿನ ಕಳೆಯುವಷ್ಟರಲ್ಲಿ ನನಗೂ ಅದರ ರುಚಿ ಹತ್ತಿತ್ತು. ಇಲ್ಲದ ಬೀದಿ, ಇಲ್ಲದ ಚಿತ್ರಶಾಲೆ, ಇಲ್ಲದ ಚಿತ್ರಗಳ ಹದಿನಾರು ಹದಿನಾರು ಮನೆ. ತಿಂದ ಹಾಳೆಗಳನ್ನು ಓದಿದವಳ ಹಾಗೆ ತಿರುವುತ್ತಾ ಹೋದೆ.

ಆ ದಿನಗಳಲ್ಲೇ ಹಾಸನದ ಆಸ್ಪತ್ರೆಯೊಂದರಲ್ಲಿ ಪೊರೆ ತೆಗೆಯುವ ಒಳ್ಳೆಯ ಡಾಕ್ಟರು ಇದ್ದಾರೆಂದು ಸುದ್ದಿ ಬಂತು. ನಂಜಮ್ಮ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದರು. ಬಲಗಣ್ಣು ಬರಬಹುದು, ಎಡದ್ದರ ಆಸೆ ಬಿಡಿ, ತಡ ಮಾಡಿದರೆ ಎರಡೂ ಇಲ್ಲ ಎಂದು ಡಾಕ್ಟರು ಹೇಳಿದರಂತೆ. ಮೇಷ್ಟ್ರು ಒಪ್ಪಲಿಲ್ಲ. ಸಾಲಗಾಮೆಯಲ್ಲಿದ್ದ ಅವರ ಸ್ನೇಹಿತರೊಬ್ಬರು ಹಿಂದೆ ಊರೂರು ತಿರುಗುವ ಪೊರೆ ಕೀಳುವವನ ಕೈಗೆ ಕಣ್ಣು ಕೊಟ್ಟು, ಇದ್ದ ಬೆಳಕನ್ನೂ ಕಳೆದುಕೊಂಡಿದ್ದರು. “ಇರೋ ಬೆಳಕಾದ್ರೂ ಇರ್ಲಿ ಬುಡು. ಈ ವಯಸ್ಸಲ್ಲಿ ನೋಡಾಕೆ ಏನದೆ,” ಎಂದುಬಿಟ್ಟರು.

ನಂಜಮ್ಮ ನನ್ನ ಬೆನ್ನು ಬಿದ್ದರು. “ನೀನೇಳವ್ವ. ನನ್ನ ಮಾತು ಗೋಡೆಗೆ ಏಳ್ದಂಗೆ. ನಿನ್ನ ಮಾತು ಕೇಳ್ತಾರೆ.”

ಬುದ್ಧಿ ಹೇಳಿದರೆ ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು. ನೋಡಲೇಬೇಕು ಅನ್ನಿಸುವಂಥ ಒಂದು ಚಿತ್ರವನ್ನು ಅವರ ಮುಂದಿಡಬೇಕು, ಬೇರೆ ದಾರಿಯಿಲ್ಲ ಎಂದುಕೊಂಡೆ. ಅಂದು ಸಂಜೆ ನಾವಿಬ್ಬರೂ ಚಪ್ಪಲಿ ಬಿಟ್ಟು ಹೊರಟೆವು. ಒಂದು ಸಣ್ಣ ಬೀದಿ, ಯಾರೋ ಒಬ್ಬ ತನ್ನ ಮನೆಯನ್ನೇ ಮ್ಯೂಸಿಯಂ ಮಾಡಿ ಊರಿಗೆ ಬಿಟ್ಟುಹೋಗಿದ್ದಾನೆ, ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಮೂರು ಮೆಟ್ಟಿಲು ಇಳಿಯಬೇಕು, ಅಲ್ಲೊಂದು ಇಕ್ಕಟ್ಟಾದ ಕೋಣೆ, ಕೋಣೆಗೆಲ್ಲ ಒಂದೇ ಚಿತ್ರ, ಎಂದೆ. ಇಷ್ಟು ಹೇಳಿ ಮುಂದೆ ಏನು ಹೇಳಬೇಕೆಂದು ಹೊಳೆಯದೆ ಒಳಗೆ ನೋಡಿದೆ. ಅಡುಗೆಮನೆಯ ಕಿಟಕಿಯ ಪಕ್ಕ ನಂಜಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ತಾಮ್ರದ ಹಂಡೆ. ಅದರ ಹೊಟ್ಟೆ ಒಂದು ಕಡೆ ನೆಗ್ಗಿತ್ತು. ಒಂದು ಹಿಡಿ ಕಿತ್ತುಹೋಗಿ ಹುರಿಯಲ್ಲಿ ಕಟ್ಟಿತ್ತು.

ಅದನ್ನೇ ಹೇಳಿದೆ. ನಂಜಮ್ಮನ ಸೀರೆಗೆ ಬದಲು ನೀಲಿ ಗೌನು, ತಲೆಗೆ ಬಿಳಿ ಟೋಪಿ, ಕೂರಲು ಮಣೆಗೆ ಬದಲು ಕುರ್ಚಿ. ಮೊರವನ್ನು ಬುಟ್ಟಿ ಮಾಡಿದೆ, ಅಕ್ಕಿಯನ್ನು ಬಟಾಣಿ ಮಾಡಿದೆ. ನೆಗ್ಗಿದ ಹಂಡೆಯನ್ನು ಹಾಗೇ ಬಿಟ್ಟೆ. ಹುರಿಯ ವಿಷಯ ಮಾತ್ರ ಹೇಳಲಿಲ್ಲ. ಲಂಡನ್ನಿನ ಚಿತ್ರದಲ್ಲಿ ಹುರಿ ಕಟ್ಟಿದ ಹಂಡೆ ಎಂದರೆ ಸಿಕ್ಕಿಬೀಳುತ್ತೇನೆ ಅನ್ನಿಸಿತು.

ಮೇಷ್ಟ್ರು ಆ ದಿನ ಒಂದೊಂದು ಮನೆಯಲ್ಲೂ ಬಹಳ ಹೊತ್ತು ನಿಂತರು. “ಮುಖ ಎಂಗದೆ?” ಎಂದು ಕೇಳಿದರು.

“ಬಗ್ಗಿಸಿಕೊಂಡಿದ್ದಾಳೆ. ನಗ್ತಾ ಇಲ್ಲ. ಆದರೆ ಈಗಷ್ಟೇ ನಕ್ಕು ಮುಗಿಸಿದ ಹಾಗಿದೆ. ಎಡಗಡೆ ಹುಬ್ಬು ಒಂಚೂರು ಮೇಲಿದೆ,” ಎಂದೆ.

ಅವರು ಮನೆ ಎಣಿಸುವುದನ್ನೇ ಮರೆತರು. ಆಮೇಲೆ ಮುಂದಕ್ಕೆ ಹೋದರು. “ಕೆಳಗಿನ ಸಾಲು, ಮೂರನೇ ಮನೆ?”

“ಅಲ್ಲೇನಿಲ್ಲ ಮೇಷ್ಟ್ರೇ. ಕುರ್ಚಿ ಕೆಳಗಿನ ನೆರಳು ಅಷ್ಟೆ.”

“ಸರಿಯಾಗಿ ನೋಡಮ್ಮ. ನೆರಳಲ್ಲಿ ಬೆಕ್ಕದೆ. ಮನಗಿರಂಗೆ ಕಾಣ್ತದೆ, ಆದ್ರೆ ಒಂದು ಕಣ್ಣು ಬುಟ್ಕಂಡದೆ.”

ನನಗೆ ನಗು ಬಂತು. ನನ್ನ ಸುಳ್ಳಿಗೆ ಇವರೂ ಒಂದು ಸೇರಿಸುತ್ತಿದ್ದಾರಲ್ಲ ಎಂದುಕೊಂಡು, “ಹೌದು, ಇದೆ. ನಾನು ನೋಡಿರಲಿಲ್ಲ,” ಎಂದೆ. ಮೇಷ್ಟ್ರ ಮನೆಯಲ್ಲಾಗಲಿ ನಮ್ಮ ಬೀದಿಯಲ್ಲಾಗಲಿ ಸಾಕಿದ ಬೆಕ್ಕು ಇರಲಿಲ್ಲ. ಹದಿನಾರನೆಯ ಮನೆ ಮುಗಿಯಿತು. ಮೇಷ್ಟ್ರು “ಕಾಣ್ತು” ಎನ್ನಲಿಲ್ಲ. “ಇದನ್ನ ನೋಡ್ಬೇಕು ಕಣಮ್ಮ. ನಂಜಿಗೆ ಏಳು, ಆಸನಕ್ಕೆ ಓಗಾನ,” ಎಂದರು.

ಒಳಗೆ ಮೊರ ಕೆಳಗಿಟ್ಟ ಸದ್ದಾಯಿತು. ನಂಜಮ್ಮನಿಗೆ ಸಂತೋಷ, ನನಗೆ ಅಂದಿನಿಂದ ನಿದ್ದೆಯಿಲ್ಲ. ಕಣ್ಣು ಬರದಿದ್ದರೆ, ಇಲ್ಲದ ಚಿತ್ರದ ಆಸೆ ತೋರಿಸಿ ಮುದುಕರ ಇದ್ದ ಬೆಳಕನ್ನೂ ಕಳೆದವಳು ನಾನು. ಕಣ್ಣು ಬಂದರೆ ಅವರು ಮೊದಲು ಕೇಳುವುದೇ ಆ ಪುಸ್ತಕವನ್ನು. ತೆರೆದ ಕೂಡಲೇ ತೂತುಗಳು ಕಾಣುತ್ತವೆ. ಆಮೇಲೆ ನನ್ನ ಯಾವ ಮಾತನ್ನು ಅವರು ನಂಬಿಯಾರು? ಯಾವ ಕಡೆ ಹೊರಳಿದರೂ ನನಗೆ ಮುಳ್ಳೇ. ಪುಸ್ತಕವನ್ನು ಒಲೆಗೆ ಹಾಕಿಬಿಡೋಣ ಎಂದು ಒಂದು ಬೆಳಿಗ್ಗೆ ಎತ್ತಿಕೊಂಡೂ ಇದ್ದೆ. ಧೈರ್ಯ ಬರಲಿಲ್ಲ.

ಆಪರೇಷನ್ ಆಯಿತು. ಆಗೆಲ್ಲ ಈಗಿನ ಹಾಗಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದ ಹಾಗೆ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು, ವಾರಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಮೊದಲ ಭಾನುವಾರ ನಾನು ಬೆಳಗಿನ ರೈಲು ಹಿಡಿದು ಹಾಸನಕ್ಕೆ ಹೋದೆ. ವಾರ್ಡಿನ ತುಂಬ ಬಿಸಿಲು. ಮೇಷ್ಟ್ರ ಮಂಚದ ಪಕ್ಕ ಒಬ್ಬ ಇಂಗ್ಲಿಷ್ ನರ್ಸಮ್ಮ ನಿಂತಿದ್ದರು. ನಲವತ್ತರ ಮೇಲಿನ ವಯಸ್ಸು, ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಅವರ ಕನ್ನಡ ವಾರ್ಡಿನ ಆಯಾಗಳಿಂದ ಕಲಿತದ್ದು. “ಅಂಗೆಲ್ಲಾ ತಲೆ ಆಡಿಸ್ಬ್ಯಾಡಿ ಮೇಷ್ಟ್ರೇ, ಬೈತೀನಿ ನೋಡಿ,” ಎಂದು ಆ ಬಿಳಿ ಮುಖ ಹೇಳುವುದನ್ನು ಕೇಳಿ ನಾನು ಬೆಪ್ಪಾದೆ.

ಸಿಸ್ಟರ್ ಲಂಡನ್ನಿನವರು ಎಂದು ತಿಳಿದ ಮೇಲೆ ಮೇಷ್ಟ್ರನ್ನು ಹಿಡಿಯುವವರಿರಲಿಲ್ಲ. ತಾವು ಆ ಊರಿನ ಮ್ಯೂಸಿಯಂಗಳನ್ನೆಲ್ಲ ಚಪ್ಪಲಿ ಬಿಟ್ಟು ಸುತ್ತಿದ್ದನ್ನು ಹೇಳಿದರು. ಸಿಂಹದ ಚೌಕ ಬಂದಾಗ ಸಿಸ್ಟರ್ ಖುಷಿಯಿಂದ ನಕ್ಕರು. ಅಸಲು ಲಂಡನ್ ಮುಗಿದು ನನ್ನ ಲಂಡನ್ ಶುರುವಾಗಲು ಇನ್ನೇನೂ ದೂರವಿರಲಿಲ್ಲ. ಮೇಷ್ಟ್ರು ನಡುವಿನದೆಲ್ಲ ಬಿಟ್ಟು ನೇರವಾಗಿ ಆ ಸಣ್ಣ ಬೀದಿಗೆ ಹೋದರು. ಎಡಕ್ಕೆ ತಿರುಗಿದರು, ಮೂರು ಮೆಟ್ಟಿಲು ಇಳಿದರು, ಹದಿನಾರು ಮನೆಗಳನ್ನೂ ಒಂದೂ ಬಿಡದೆ ಹೇಳಿದರು. ಬೆಕ್ಕಿನ ಹೊತ್ತಿಗೆ ಸಿಸ್ಟರ್ ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟರು.

“ನಿಮಗೆ ಯಾರು ಏಳಿದ್ದು ಇದನ್ನ?” ಎಂದು ಕೇಳಿದರು.

“ಈ ನಮ್ಮ ಹುಡುಗಿ ಓದಿ ಏಳ್ತು. ಬೆಕ್ಕನ್ನ ಮಾತ್ರ ನಾನೇ ಕಂಡಿದ್ದು,” ಎಂದರು ಮೇಷ್ಟ್ರು.

ಸಿಸ್ಟರ್ ಮೆಲ್ಲಗೆ, “ನಾನು ಚಿಕ್ಕೋಳಿದ್ದಾಗ ನಮ್ಮಮ್ಮ ಕರ್ಕಂಡು ಓಗ್ತಿದ್ರು. ನಾನು ಬೆಕ್ಕು ನೋಡಕ್ಕೇ ಓಗ್ತಿದ್ದೆ,” ಎಂದರು. ತಟ್ಟೆ ಎತ್ತಿಕೊಂಡು ವರಾಂಡಕ್ಕೆ ಹೋದರು.

ನಾನು ಹಿಂದೆಯೇ ಓಡಿದೆ. ರೋಗಿಯ ಸಮಾಧಾನಕ್ಕೆ ಹೂಂಗುಟ್ಟಿದ್ದಾರೆ, ಒಳ್ಳೆಯ ಹೆಂಗಸು, ಇವರ ಮುಂದಾದರೂ ನಿಜ ಹೇಳಿಬಿಡೋಣ ಅನ್ನಿಸಿತು. ಗೆದ್ದಲಿನ ವಿಷಯ, ನಂಜಮ್ಮನ ವಿಷಯ, ನಾನು ಕಟ್ಟಿದ ಕೋಣೆಯ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಮೇಷ್ಟ್ರ ಮನಸ್ಸು ನೋಯಿಸದೆ ಹೂಂ ಎಂದದ್ದಕ್ಕೆ ಉಪಕಾರವಾಯಿತು ಎಂದೆ.

ಸಿಸ್ಟರ್ ಮುಖ ಬಿಗಿಯಿತು. “ನಾನು ಪೇಷೆಂಟಿಗೆ ಸುಳ್ಳು ಏಳಲ್ಲ. ಆ ಮನೆ ಇತ್ತು. ಆ ಮೆಟ್ಲು ಇತ್ತು. ಆ ತಾಮ್ರದ ಪಾತ್ರೆ, ಅದರ ಒಂದು ಹಿಡಿ ಮುರಿದೋಗಿತ್ತು. ದಾರ ಕಟ್ಟಿತ್ತು. ಅದನ್ನ ಯಾಕೆ ಬಿಟ್ರಿ ನೀವು?” ಎಂದು ಕೇಳಿದರು.

ಆ ಹುರಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹಂಡೆ ಹೊಳೆನರಸೀಪುರದಲ್ಲಿತ್ತು, ಸಿಸ್ಟರ್ ಆ ಊರಿಗೆ ಕಾಲಿಟ್ಟವರಲ್ಲ. ಆಮೇಲೆ ನಂಜಮ್ಮನನ್ನು ಕೇಳಿದೆ. “ಅಂಡೆ ಹಿಡಿ ಕಿತ್ತೋಗಿರೋದನ್ನ ದೊರೆಸಾನಿಗೆ ಯಾಕವ್ವ ಏಳಾನ?” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಸಿಸ್ಟರ್ ಇನ್ನೂ ಒಂದು ಮಾತು ಹೇಳಿದರು. ಯುದ್ಧದ ಕಾಲದಲ್ಲಿ ಬಾಂಬು ಬಿದ್ದು ಆ ಮನೆ ಸುಟ್ಟುಹೋಯಿತು, ಚಿತ್ರವೂ ಅದರ ಜೊತೆಗೇ ಹೋಯಿತು, ಪಟ್ಟಿ ಬಿಚ್ಚುವವರೆಗೆ ಮೇಷ್ಟ್ರಿಗೆ ಹೇಳಬೇಡಿ, ಎಂದು. ನಾನು ಹಾಸನದಿಂದ ವಾಪಸು ಬರುವ ರೈಲಿನಲ್ಲಿ ಕಿಟಕಿಯಾಚೆ ಏನೂ ಕಾಣದವಳ ಹಾಗೆ ಕೂತಿದ್ದೆ. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಹಂಡೆ ನೋಡಿದೆ. ಹುರಿ ಇತ್ತು.

ಕಣ್ಣು ಬಂತು. ಒಂದೂವರೆ ತಿಂಗಳ ಮೇಲೆ ಸೋಡಾಬುಡ್ಡಿ ಕನ್ನಡಕವೂ ಬಂತು. ಮೇಷ್ಟ್ರು ಅದನ್ನು ಏರಿಸಿಕೊಂಡು ಜಗುಲಿಯ ಮೇಲೆ ಕೂತು ಮೊದಲು ನಂಜಮ್ಮನನ್ನು ಕರೆದರು. ಎದುರಿಗೆ ನಿಲ್ಲಿಸಿಕೊಂಡು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಇದೇನು ಇಂಗೆ ನೋಡ್ತೀರಾ, ಆ ಮಗು ಮುಂದೆ,” ಎಂದು ಒಳಗೆ ಹೋಗಿಬಿಟ್ಟರು. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ, “ಪುಸ್ತಕ ತಗಂಬಾ,” ಎಂದರು.

ನಾನು ತಂದೆ. ಕೈಗೆ ಕೊಡುವ ಮೊದಲು ತಪ್ಪೊಪ್ಪಿಕೊಂಡೆ. ಮೇಷ್ಟ್ರು ಪುಸ್ತಕ ತೆರೆದು, ತೂತಿನ ಹಾಳೆಯನ್ನು ಬೆಳಕಿಗೆ ಹಿಡಿದು, ಅದರ ಮೂಲಕ ನನ್ನನ್ನು ನೋಡಿದರು.

“ಮೂವತ್ತು ವರ್ಷ ಪಟಕ್ಕೆ ಕಟ್ಟು ಹಾಕಿವ್ನಿ. ಗೆದ್ದಲು ವಾಸನೆ ನಂಗೆ ಗೊತ್ತಾಗಲ್ವಾ? ಆ ಸೋಮವಾರನೇ ಗೊತ್ತಾಯ್ತು,” ಎಂದರು.

“ಹಾಗಾದರೆ ಅದೆಲ್ಲ ಸುಳ್ಳು ಅಂತ ಗೊತ್ತಿದ್ದೂ ಆಪರೇಷನ್‌ಗೆ ಯಾಕೆ ಒಪ್ಪಿದ್ರಿ?”

“ಸುಳ್ಳೆಲ್ಲಿ ಏಳಿದೆ? ನೀನು ಏಳಿದ್ದು ನಮ್ಮ ನಂಜಿನ. ಒಳಗೆ ಮೊರದ ಸದ್ದು ಕೇಳ್ತಿತ್ತು. ಕಲ್ಲು ಆರಿಸೋವಾಗ ಅವಳ ಎಡಗಡೆ ಹುಬ್ಬು ಮೇಲಕ್ಕೆ ಓಗ್ತದೆ. ನಾಲ್ಕು ವರ್ಷ ಆಗಿತ್ತು ಕಣಮ್ಮ ಅದನ್ನ ನೋಡಿ. ಮರ್ತೋಗಿದ್ದೆ. ನೀನು ಏಳಿದ ಮೇಲೆ ನೋಡ್ದೆ ಸಾಯಬಾರ್ದು ಅನ್ನಿಸ್ತು.”

ನಾನು ತಲೆ ತಗ್ಗಿಸಿಕೊಂಡು ಅತ್ತೆ. ಸಾಕಷ್ಟು ಅತ್ತ ಮೇಲೆ, “ಬೆಕ್ಕು?” ಎಂದು ಕೇಳಿದೆ.

ಮೇಷ್ಟ್ರು ಯೋಚಿಸಿದರು. “ಬೆಕ್ಕು ಇತ್ತು. ನಾನು ಕಂಡೆ. ಎಲ್ಲಿಂದ ಬಂತು ಅಂದ್ರೆ ಏನೇಳಾನ,” ಎಂದರು. ಆ ವಿಷಯದಲ್ಲಿ ಅವರು ಇದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ.

ಚಿತ್ರ ಸುಟ್ಟುಹೋದ ಸಂಗತಿಯನ್ನೂ ಅಂದೇ ಹೇಳಿದೆ. ಅವರಿಗೆ ಬೇಸರವಾಯಿತು. ಆದರೆ ಸ್ವಲ್ಪ ಹೊತ್ತಿಗೆ, “ಓದ್ರೆ ಓಯ್ತು. ಹದಿನಾರು ಮನೆನೂ ನೆಪ್ಪಲ್ಲದೆ,” ಎಂದು ಎದ್ದು ಅಟ್ಟದಿಂದ ಬಣ್ಣದ ಪೆಟ್ಟಿಗೆ ಇಳಿಸಲು ಹೇಳಿದರು. ನಂಜಮ್ಮ ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ ಮೊರ ಹಿಡಿದು ಕೂರಬೇಕಾಯಿತು. ಆ ತಿಂಗಳು ನಮ್ಮ ಅನ್ನದಲ್ಲಿ ಒಂದು ಕಲ್ಲೂ ಸಿಗಲಿಲ್ಲ. ಒಂದೇ ಕಣ್ಣು, ಅದೂ ದಪ್ಪ ಗಾಜಿನ ಹಿಂದೆ, ಗೆರೆ ಎಲ್ಲಿ ಹಾಕಿದರೂ ಸ್ವಲ್ಪ ಆಚೀಚೆ. ಆದರೂ ಒಂದೊಂದೇ ಮನೆ ತುಂಬುತ್ತಾ ಬಂತು. ಹಂಡೆಯ ಹಿಡಿಗೆ ಹುರಿಯೂ ಬಂತು. ಬೆಕ್ಕನ್ನು ಅವರು ಕೊನೆಯಲ್ಲಿ, ಎದುರಿಗೆ ಏನೂ ಇಟ್ಟುಕೊಳ್ಳದೆ, ಒಂದೇ ಬೆಳಗಿನಲ್ಲಿ ಬರೆದು ಮುಗಿಸಿದರು.

ಸಿಸ್ಟರ್ ಒಂದು ಭಾನುವಾರ ಹೊಳೆನರಸೀಪುರಕ್ಕೆ ಬಂದರು. ಮೇಷ್ಟ್ರು ಅವರ ಬೂಟನ್ನೂ ಜಗುಲಿಯ ಕೆಳಗೆ ಬಿಡಿಸಿದರು. ಕಾಲುಚೀಲದಲ್ಲೇ ಒಳಗೆ ಬಂದು ಚಿತ್ರದ ಮುಂದೆ ನಿಂತರು. ಆಮೇಲೆ ಬಗ್ಗಿ ಬೆಕ್ಕಿನ ಮನೆಯನ್ನು ನೋಡಿ, ಇಂಗ್ಲಿಷಿನಲ್ಲಿ ತಮ್ಮ ತಾಯಿಯನ್ನು ಕರೆದರು. ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ. ಅರವತ್ತರ ದಶಕದಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೊರಟಾಗ ಮೇಷ್ಟ್ರು ಆ ಚಿತ್ರವನ್ನು ಕಟ್ಟು ಹಾಕಿಸಿ ಅವರಿಗೇ ಕೊಟ್ಟರು. ಕೊಡುವ ಮೊದಲು, “ಮೊದಲು ಬರೆದೋನ ಹೆಸರೇನು?” ಎಂದು ಕೇಳಿದರು. ಸಿಸ್ಟರಿಗೆ ನೆನಪಿರಲಿಲ್ಲ. ಮೇಷ್ಟ್ರಿಗೆ ತಮ್ಮ ಹೆಸರು ಹಾಕಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಖಾಲಿ ಬಿಡುವುದಕ್ಕೂ ಒಪ್ಪಲಿಲ್ಲ. ಕುಂಚ ತೆಗೆದುಕೊಂಡು ಕೆಳಗಿನ ಸಾಲಿನ ಕೊನೆಯ ಮನೆಯಲ್ಲಿ ಏನೋ ಸಣ್ಣಗೆ ಬರೆದರು. “ನನ್ನನ್ನ ಲಂಡನ್ನಿಗೆ ಕಳಿಸ್ಬುಟ್ಟು ನೀವು ಇಲ್ಲೇ ಉಳ್ಕಂಡ್ರಲ್ಲ,” ಎಂದು ನಂಜಮ್ಮ ನಕ್ಕರು.

ಮೇಷ್ಟ್ರು ಆ ಒಂದು ಕಣ್ಣಿನಿಂದ ಇನ್ನೂ ಒಂಬತ್ತು ವರ್ಷ ನೋಡಿದರು. ಅಷ್ಟು ವರ್ಷವೂ ನಾನು ಈ ಒಗಟನ್ನು ಬಿಡಿಸಲು ನೋಡಿದ್ದೇನೆ. ಆ ಚಿತ್ರದ ಅಚ್ಚು ಗೆದ್ದಲು ತಿಂದ ಹಾಳೆಗಳಲ್ಲೇ ಇದ್ದಿರಬಹುದು, ಕಣ್ಣಿದ್ದ ಕಾಲದಲ್ಲಿ ಮೇಷ್ಟ್ರು ಅದನ್ನು ನೋಡಿ ಮರೆತಿರಬಹುದು. ಹಾಗೆಂದರೆ ಬೆಕ್ಕಿಗೆ ಒಂದು ಸಮಾಧಾನ ಸಿಕ್ಕಿತು, ನನ್ನ ಉಳಿದ ಹದಿನೈದು ಮನೆಗಳಿಗೆ ಸಿಗಲಿಲ್ಲ. ನಾನು ಆ ಹಾಳೆಗಳನ್ನು ನೋಡಿದ್ದು ಜರಡಿಯಾದ ಮೇಲೆ. ಅವುಗಳಲ್ಲಿ ಏನಿತ್ತೆಂದು ಗೆದ್ದಲಿಗೇ ಗೊತ್ತು. ಸಿಸ್ಟರ್ ತಮ್ಮ ಬಾಲ್ಯದ ಬೇರೆ ಯಾವುದೋ ಚಿತ್ರವನ್ನು ಇದರೊಂದಿಗೆ ಬೆರೆಸಿಕೊಂಡಿರಬಹುದು. ಹಾಗೆಂದರೆ ಹುರಿ ಉಳಿಯಿತು. ಯಾವ ಕಡೆಯಿಂದ ಎಳೆದರೂ ಹೊದಿಕೆ ಒಂದು ಕಾಲಿಗೆ ಸಾಲುವುದಿಲ್ಲ. ಈಗ ಎಳೆಯುವುದನ್ನು ಬಿಟ್ಟಿದ್ದೇನೆ. ನನ್ನ ಸುಳ್ಳು ಒಬ್ಬರ ಕಣ್ಣನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ, ಕೊಟ್ಟಿತು. ಯಾರಿಗೆ ಕೈಮುಗಿಯಬೇಕೆಂದು ತಿಳಿಯದಿದ್ದರೂ ಕೈ ಮುಗಿದಿದ್ದೇನೆ.

ಸಿಸ್ಟರ್ ಹೊರಟುಹೋದ ವರ್ಷದ ಬೇಸಿಗೆಯಲ್ಲಿ ನಾನು ರಾಮನಾಥಪುರಕ್ಕೆ ಹೋಗಿ ಅತ್ತೆಯ ಮುಂದೆ ಕೂತು, ನಾನು ಅವತ್ತು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ ಅನ್ನಿಸುತ್ತದೆ ಎಂದೆ. ಅವಳು ನನ್ನ ತಲೆ ಸವರಿದಳು. ಆ ಸಂಜೆ ಇಬ್ಬರೂ ಹಿತ್ತಲಲ್ಲಿ ಕೂತೆವು.

ಲಂಡನ್ನಿಗೆ ನಾನು ಇವತ್ತಿನವರೆಗೂ ಹೋಗಿಲ್ಲ. ಸಿಸ್ಟರ್ ಒಂದೇ ಒಂದು ಕಾಗದ ಬರೆದಿದ್ದರು. ಚಿತ್ರವನ್ನು ತಮ್ಮ ಮನೆಯ ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಹಾಕಿದ್ದಾರಂತೆ. ನೋಡಲು ಬಂದವರನ್ನೆಲ್ಲ ಬೂಟು ಬಿಚ್ಚಿಸಿಯೇ ಮುಂದೆ ಬಿಡುತ್ತಾರಂತೆ. ಬಂದವರೆಲ್ಲ ಕೆಳಗಿನ ಮೂಲೆ ತೋರಿಸಿ, ಇದು ಯಾವ ಭಾಷೆ, ಚಿತ್ರಕಾರನ ಹೆಸರೋ ಎಂದು ಕೇಳುತ್ತಾರಂತೆ. ಅಲ್ಲ, ಚಿತ್ರದಲ್ಲಿ ಕೂತಿರುವವಳ ಹೆಸರು, ‘ನಂಜಮ್ಮ’ ಅಂತ, ಎಂದು ಓದಿ ಹೇಳುತ್ತಾರಂತೆ.